ದುದೆಕ್ ಅವರ ನೆಲಪರೀಕ್ಷೆ

ಅಮೆರಿಕದ ಬಫಲೋ ನಗರದಲ್ಲಿ ಮೂರು ಬಾಡಿಗೆ ಮನೆಗಳ ಒಡೆಯರಾದ ನಮ್ಮ ದುದೆಕ್ ಅವರು ನಿಂತಲ್ಲಿ ನಿಲ್ಲುವವರಲ್ಲ. ಒಂದು ಮನೆ ತೆರವಾದರೆ ಸಾಕು, ಕೋಟಿನ ಜೇಬುಗಳಲ್ಲಿ ನೆಲಹಾಸಿನ ಮಾದರಿ ತುಂಡುಗಳನ್ನು ತುಂಬಿಕೊಂಡು ಓಡಾಡತೊಡಗುತ್ತಾರೆ. ಒಂದನ್ನು ಬೀಗದ ಕೈಯಿಂದ ಗೀರುತ್ತಾರೆ, ಇನ್ನೊಂದನ್ನು ವಾರವಿಡೀ ಬಕೆಟ್ಟಿನಲ್ಲಿ ನೆನೆಹಾಕುತ್ತಾರೆ, ಮತ್ತೊಂದನ್ನು ಹೊಸ್ತಿಲಲ್ಲಿಟ್ಟು, ಹಿಮ ಮೆತ್ತಿದ ಬೂಟಿನಿಂದ ತುಳಿಯಿರೆಂದು ಬಾಡಿಗೆದಾರರನ್ನೆಲ್ಲ ಪೀಡಿಸುತ್ತಾರೆ. “ಮೆಲ್ಲಗೆ ತುಳಿಯೋಕೆ ಅದೇನು ಬೆಕ್ಕಿನ ಬಾಲವಾ ಮೇಷ್ಟ್ರೇ? ಜೋರಾಗಿ ತುಳೀರಿ!” ಎಂದು ಮೇಲ್ಮನೆಯ ನನ್ನನ್ನೂ ಗದರಿದ್ದುಂಟು. ಕಾರ್ಪೆಟ್ಟಿನ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುತ್ತಾರೆ. “ಮನೆ ತುಂಬಾ ಒಂದೇ ಜಾತಿ ವಿನೈಲ್ ಹಲಗೆ. ಅಗ್ಗ, ಗಟ್ಟಿ. ಒಂದು ಹಾಳಾದ್ರೆ ಒಂದು ಕಿತ್ತು ಹಾಕು,” ಎಂಬುದು ಅವರ ನಿತ್ಯಜಪ. ಕಳೆದ ಚಳಿಗಾಲದಲ್ಲಿ ಕೆಳಮನೆಯ ದರ್ಜಿ ಲೊರೆಟಾಳ ಕಣ್ಣು ಪೂರ್ತಿ ಹೋಯಿತು. ಅವಳು ನೆಲಮಾಳಿಗೆಯ ಮೆಟ್ಟಿಲಲ್ಲಿ ಒಮ್ಮೆ ಬಿದ್ದಳು. ಇನ್ನೊಮ್ಮೆ ಬಿದ್ದರೆ ಮನೆ ಬಿಡಿಸಿ ತನ್ನೂರಿಗೆ ಕರೆದೊಯ್ಯುವುದಾಗಿ ಅವಳ ಅಕ್ಕ ಹೇಳಿಬಿಟ್ಟಳು. ಮರುವಾರ ನಾನು ಆ ಮನೆಯ ಬಾಗಿಲಲ್ಲಿ ಇಣುಕಿದಾಗ, ದುದೆಕ್ ಕಣ್ಣಿಗೆ ಮಫ್ಲರ್ ಕಟ್ಟಿಕೊಂಡು ಬರಿಗಾಲಲ್ಲಿ ನಡೆಯುತ್ತಿದ್ದರು. ನೆಲಕ್ಕೆಲ್ಲ ಹೊಸ ಹಾಸು: ಕೋಣೆಗೆ ನುಣುಪು ಹಲಗೆ, ಅಡುಗೆಮನೆಗೆ ಮೆತ್ತನೆಯ ಕಾರ್ಕು ಹಾಳೆ, ಮೆಟ್ಟಿಲ ಬಳಿ ಉಬ್ಬುಗೆರೆಯ ರಬ್ಬರು. ಕಣ್ಣಿಗೆ ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಂಗಾಲಿಗೆ ಮಾತ್ರ ಒಂದೊಂದೂ ಬೇರೆ. ಗೋಡೆಗೊರಗಿದ್ದ ಲೊರೆಟಾ, “ಈಗ ಎಲ್ಲಿದ್ದೀರಿ, ಹೇಳಿ ನೋಡೋಣ!” ಎಂದು ನಗುತ್ತಿದ್ದಳು. ಅವರು ರಬ್ಬರಿನ ಮೇಲೆ ಗಕ್ಕನೆ ನಿಂತರು. “ಮೆಟ್ಟಿಲು ಬಂತು,” ಎಂದರು, ಮಫ್ಲರ್ ಬಿಚ್ಚದೆಯೇ. “ಈಗ ನೀನು ನಡಿ ತಾಯಿ. ನಿಮ್ಮಕ್ಕನಿಗೆ ಫೋನು ನಾನು ಮಾಡ್ತೀನಿ.”