ಆವುಡೈಯಕ್ಕನ ಹದಿನೆಂಟು ರೋಗಿಗಳು

ಬೆಳಗಿನ ಐದೂ ಹತ್ತು. ಪಾಳಯಂಕೋಟೆಯ ಇಗರ್ಜಿಯ ಗಂಟೆ ಇನ್ನೂ ಬಾರಿಸಿಲ್ಲ. ಬಜಾರಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದೇ ಒಂದು ಕಿಟಕಿಗೆ ಬೆಳಕಿದೆ. ಆವುಡೈಯಮ್ಮಾಳ್ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಕಣ್ಣು ಮುಚ್ಚಿ ಒಂದು ಗಳಿಗೆ ದೇವಿ ಗೋಮತಿ ಅಮ್ಮನನ್ನು ನೆನೆಯುತ್ತಾರೆ. ಆಮೇಲೆ ‘ವಿಡಿಯಲ್’ ಎಂದು ಒಂದೇ ಒಂದು ಪದ ಟೈಪು ಮಾಡುತ್ತಾರೆ. ಇಲ್ಲಿನ ತಮಿಳಿನಲ್ಲಿ ಬೆಳಗು ಎಂದರ್ಥ. ಎಂಟರ್ ಒತ್ತಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು, ಕೈಕಟ್ಟಿ ಕಾಯುತ್ತಾರೆ.

ಪರದೆಯ ಮೇಲೆ ಸಾಲುಗಳು ಹರಿಯತೊಡಗುತ್ತವೆ. ಮೊದಲು ದಾಖಲೆಗಳನ್ನು ಇಡುವ ಪ್ರೋಗ್ರಾಂ ಏಳುತ್ತದೆ. ಅದು ಪೂರ್ತಿ ಎಚ್ಚರವಾಗಿ ‘ನಾನು ಸಿದ್ಧ’ ಎನ್ನುವವರೆಗೂ ಉಳಿದವು ತಾಳ್ಮೆಯಿಂದ ನಿಲ್ಲುತ್ತವೆ. ಬಳಿಕ ಶಿಬಿರದ ಟ್ಯಾಬ್ಲೆಟ್ಟಿನದು, ಶಸ್ತ್ರಚಿಕಿತ್ಸೆಯ ಪಟ್ಟಿಯದು, ಕೊನೆಗೆ ಬಸ್ಸಿನದು. ನಾಲ್ಕೂ ಎದ್ದ ಮೇಲೆ ಹದಿನೆಂಟು ಮಂದಿ ಹುಟ್ಟುತ್ತಾರೆ. ಊರೂರಿನ ಶಿಬಿರದಲ್ಲಿ ಹೆಸರು ಬರೆಸುತ್ತಾರೆ, ಕಣ್ಣು ತೋರಿಸುತ್ತಾರೆ, ಪೊರೆ ಬಂದವರು ಪಟ್ಟಿಗೆ ಸೇರುತ್ತಾರೆ, ಬಸ್ಸಿನಲ್ಲಿ ಸೀಟು ಪಡೆಯುತ್ತಾರೆ. ಒಂಬತ್ತೇ ನಿಮಿಷ. ಎಲ್ಲವೂ ಸರಿಯಾಗಿದ್ದರೆ ಗೋಡೆಯ ಮೇಲಿನ ಸಣ್ಣ ದೀಪ ಹಸಿರಾಗುತ್ತದೆ, ಇಲ್ಲದಿದ್ದರೆ ಕೆಂಪು. ಆ ಲೋಕ ಅಲ್ಲಿಗೆ ಮುಗಿಯಿತು. ಮನುಷ್ಯರೂ ದಾಖಲೆಗಳೂ ಬಸ್ಸೂ ಒಂದೂ ಉಳಿಯದೆ ಅಳಿಸಿ ಹೋಗುತ್ತವೆ. ಸೃಷ್ಟಿ, ಸ್ಥಿತಿ, ಲಯ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ಒಂದು ಲೋಟ ಕಾಫಿ ಆರುವುದರೊಳಗೆ ಮೂರನ್ನೂ ನೋಡಬೇಕೆಂದರೆ ಈ ಮಹಡಿ ಹತ್ತಬೇಕು.

ದೀಪ ಹಸಿರಾಗುವ ಹೊತ್ತಿಗೆ ಫೋನು. ಆ ಕಡೆ ಸುಡಲೈಮುತ್ತು, ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವವನು.

“ಅಕ್ಕಾ, ಸೀನಿ ಪಾಟಿ ಬಸ್ಸು ಹತ್ತಿದಳಾ?”

“ಹತ್ತಿದಳು ಲೇ. ಎಪ್ಪತ್ತೊಂದು ವರ್ಷದ ಮುದುಕಿ ಸ್ನಾನ ಮಾಡಿ, ಕಣ್ಣು ತೋರಿಸಿ, ಕಿಟಕಿ ಪಕ್ಕ ಕೂತಾಯ್ತು. ನೀನಿನ್ನೂ ಹಾಸಿಗೆ ಬಿಟ್ಟಿಲ್ಲ.”

ಸೀನಿಯಮ್ಮಾಳ್ ಎಂಬ ಪಾಟಿ, ಅಂದರೆ ಅಜ್ಜಿ, ಎಲ್ಲೂ ಇಲ್ಲ. ಹದಿನೆಂಟು ಮಂದಿಯೂ ಆವುಡೈಯಕ್ಕ ಕಟ್ಟಿದವರೇ. ಒಬ್ಬನಿಗೆ ಹೆಸರು ಮೂರು ಸಾಲಿನಷ್ಟು ಉದ್ದ. ಒಬ್ಬಳಿಗೆ ತನ್ನ ವಯಸ್ಸೇ ಗೊತ್ತಿಲ್ಲ. ಇಬ್ಬರು ಅಣ್ಣತಮ್ಮಂದಿರಿಗೆ ಒಂದೇ ಹೆಸರು, ಒಂದೇ ಮನೆ. ಇಪ್ಪತ್ತು ವರ್ಷಗಳ ಅನುಭವದಲ್ಲಿ ಯಾವ ಯಾವ ಬಗೆಯ ಮನುಷ್ಯರಿಂದ ಕಂಪ್ಯೂಟರು ತಬ್ಬಿಬ್ಬಾಗಿದೆಯೋ ಆ ಬಗೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೂಡಿಸಿದ್ದಾರೆ. ಆಫೀಸಿನವರು ಇವರನ್ನು ನೆಂಟರ ಹಾಗೆ ವಿಚಾರಿಸಿಕೊಳ್ಳುತ್ತಾರೆ.

ಹನ್ನೆರಡು ಜನರ ಆಫೀಸು ಅದು. ತಿರುನೆಲ್ವೇಲಿ, ತೆಂಕಾಶಿ ಸೀಮೆಯ ಹಳ್ಳಿಗಳಲ್ಲಿ ಕಣ್ಣಿನ ಶಿಬಿರ ನಡೆಸುವ ಒಂದು ಆಸ್ಪತ್ರೆಗೆ ಬೇಕಾದ ಪ್ರೋಗ್ರಾಂಗಳನ್ನು ಮಾಡಿಕೊಡುತ್ತದೆ. ಆವುಡೈಯಕ್ಕನಿಗೆ ನಲವತ್ತಾರು. ತಾಯಿ ಪಿಚ್ಚಮ್ಮಾಳ್ ಬೀಡಿ ಕಟ್ಟುತ್ತಿದ್ದವರು. ಕಟ್ಟುಗಳನ್ನು ಮಂಡಿಗೆ ಒಯ್ಯುವ ಮೊದಲು ಒಂದೊಂದನ್ನೂ ಬಿಚ್ಚಿ ನೋಡುವುದು ಮಗಳ ಪಾಲಿನ ಕೆಲಸ. “ಕೆಟ್ಟ ಬೀಡೀನ ಮಂಡಿಯವನು ಕಂಡುಹಿಡಿದ್ರೆ ಇಡೀ ಕಟ್ಟು ಮುರಿದು ಬಿಸಾಕ್ತಿದ್ದ. ನಾನು ಕಂಡುಹಿಡಿದ್ರೆ ಒಂದೇ ಬೀಡಿ ಹೋಗ್ತಿತ್ತು. ಅಮ್ಮ ಬೈತಿದ್ಳು, ಆದ್ರೂ ನನ್ನ ಕೈಗೇ ಕೊಡ್ತಿದ್ಳು,” ಎಂದು ನಗುತ್ತಾರೆ. ಟೈಪಿಂಗ್ ಕಲಿತು, ಶಿಬಿರಗಳಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿ, ಅಲ್ಲಿಂದ ಈ ಮಹಡಿಗೆ ಬಂದರು. ಪ್ರೋಗ್ರಾಂ ಬರೆಯುವವರು ಬರೆದದ್ದನ್ನು ಪರೀಕ್ಷಿಸುವುದು ಇಲ್ಲಿನ ಕೆಲಸ.

ಮೊದಲೆಲ್ಲ ಅದು ಕೈಗೆಲಸ. ನಾಲ್ಕು ಪ್ರೋಗ್ರಾಂಗಳನ್ನು ಪರದೆಯ ಮೇಲೆ ನಾಲ್ಕು ಕಿಟಕಿಗಳಲ್ಲಿ ತೆರೆದು, ಹದಿನೆಂಟು ಮಂದಿಯ ವಿವರವನ್ನು ಬೆರಳು ನೋಯುವಂತೆ ಬಡಿದು, ಒಬ್ಬೊಬ್ಬರ ಹಿಂದೆ ನಡೆದು ನೋಡಬೇಕಿತ್ತು. ಮೂರೂವರೆ ಗಂಟೆ ಹಿಡಿಯುತ್ತಿತ್ತು. ಹೀಗಾಗಿ ವಾರಕ್ಕೊಂದೇ ಸಲ. ನಡುವಿನ ದಿನಗಳಲ್ಲಿ ತಪ್ಪು ನುಸುಳಿದರೆ ಶಿಬಿರದಲ್ಲೇ ಗೊತ್ತಾಗಬೇಕು. ಕೇಳಿದರೆ ಬರೆದವರು ಒಂದೇ ಪಲ್ಲವಿ ಹಾಡುತ್ತಿದ್ದರು: “ನನ್ನ ಕಂಪ್ಯೂಟರಲ್ಲಿ ಸರಿಯಾಗೇ ನಡೀತದಲ್ಲ ಅಕ್ಕಾ!”

“ನಡೀತದೆ, ಯಾರು ಇಲ್ಲ ಅಂದ್ರು? ಒಂದೊಂದಾಗಿ ಎಲ್ಲಾನೂ ನಡೀತದೆ,” ಎನ್ನುತ್ತಾರೆ ಆವುಡೈಯಕ್ಕ. “ಕೂಟಾಂಜೋರು ಮಾಡೋವಾಗ ನುಗ್ಗೆ ಬೇರೆ, ಬದನೆ ಬೇರೆ, ಬೇಳೆ ಬೇರೆ ರುಚಿ ನೋಡಿ ಏನು ಬಂತು? ಒಂದೇ ಪಾತ್ರೇಲಿ ಅಕ್ಕಿ ಜೊತೆ ಬೇಯಿಸಿ ಬಾಯಿಗೆ ಹಾಕ್ಕೊಂಡಾಗ ತಾನೆ ಗೊತ್ತಾಗೋದು!”

ಪ್ರತಿಯೊಂದು ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಸಾಮಗ್ರಿಯೊಡನೆ ಒಂದೊಂದು ಪೆಟ್ಟಿಗೆಯಲ್ಲಿ ಕಟ್ಟಿಟ್ಟ ಹಾಗೆ ಇಡುವ ಪದ್ಧತಿ ಬಂದದ್ದು ಅವರ ಪಾಲಿಗೆ ವರವಾಯಿತು. ಕಂಟೇನರ್ ಎನ್ನುತ್ತಾರೆ. ಯಾವ ಕಂಪ್ಯೂಟರಿನಲ್ಲಿ ಬಿಚ್ಚಿದರೂ ಅದೇ ಪೆಟ್ಟಿಗೆ, ಒಳಗೆ ಅದೇ ಸರಕು. ಅವನ್ನು ಕ್ರಮವಾಗಿ ಎಬ್ಬಿಸಿ, ರೋಗಿಗಳನ್ನು ಒಳಗೆ ಬಿಟ್ಟು, ಕೊನೆಗೆ ಎಲ್ಲವನ್ನೂ ಗುಡಿಸುವ ಆಜ್ಞೆಗಳನ್ನು ಒಂದೇ ಕಡತದಲ್ಲಿ ಸಾಲಾಗಿ ಬರೆದರೆ ಅದು ಶೆಲ್ ಸ್ಕ್ರಿಪ್ಟ್. ಆವುಡೈಯಕ್ಕ ಅದನ್ನು ಯಾವ ತರಗತಿಯಲ್ಲೂ ಕಲಿಯಲಿಲ್ಲ. ಕಂಪ್ಯೂಟರಿನೊಳಗೇ ಇರುವ ಕೈಪಿಡಿಯನ್ನು ದಿನಕ್ಕೊಂದು ಪುಟದಂತೆ, ಪಾರಾಯಣ ಮಾಡುವವರ ಹಾಗೆ, ಏಳು ತಿಂಗಳು ಓದಿದರು. ಈಗ ‘ವಿಡಿಯಲ್’ನಲ್ಲಿ ಇನ್ನೂರ ಹನ್ನೆರಡು ಸಾಲುಗಳಿವೆ. ದಿನಕ್ಕೆ ಅರವತ್ತೊಂದು ಕಡೆ ಪರಿಶೀಲನೆ. ಭಾನುವಾರವೂ ರಜೆಯಿಲ್ಲ.

ಗೋಡೆಯ ದೀಪ ಹಾಕಿಸಿದವರು ಆಫೀಸಿನ ಯಜಮಾನ ಜೆಬಮಣಿ. ದೀಪ ಹಸಿರಿದ್ದರೆ ಹೊಸ ಪ್ರೋಗ್ರಾಂ ಶಿಬಿರಕ್ಕೆ ಹೋಗುತ್ತದೆ, ಕೆಂಪಾದರೆ ಇಲ್ಲ. ಆ ಮಾತನ್ನು ಅವರು ಒಮ್ಮೆಯೂ ಮುರಿದಿಲ್ಲ. ಪರೀಕ್ಷಿಸುವವರ ಮಾತಿಗೆ ಇಷ್ಟು ಬೆಲೆ ಸಿಗುವುದು ಅಪರೂಪ. ಕಳೆದ ಬೇಸಿಗೆಯ ಚಿತ್ತಿರೈ ತಿಂಗಳಿನ ಒಂದು ಶುಕ್ರವಾರ ಆ ಬೆಲೆಯೇ ಕೈಜಾರುವುದರಲ್ಲಿತ್ತು.

ಮರುದಿನ ಕಳಕ್ಕಾಡಿನಲ್ಲಿ ದೊಡ್ಡ ಶಿಬಿರ. ಸುಡಲೈ ಬರೆದ ಹೊಸ ಪಟ್ಟಿಯ ಪ್ರೋಗ್ರಾಂ ಸಂಜೆಗೆ ಅಲ್ಲಿಗೆ ಹೋಗುವುದಿತ್ತು. ಬೆಳಿಗ್ಗೆ ದೀಪ ಎಂದಿನಂತೆ ಹಸಿರು. ಎಂದಿನಂತೆ ಸುಡಲೈ ಫೋನಿನಲ್ಲಿ ಸೀನಿ ಪಾಟಿಯ ಯೋಗಕ್ಷೇಮ ಕೇಳಿದ. ಆ ದಿನ ಆವುಡೈಯಕ್ಕನಿಗೆ ತುಂಟತನ ಬಂತು. “ತಡಿ, ಸೀಟ್ ನಂಬರೇ ಹೇಳ್ತೀನಿ,” ಎಂದು, ಸಾಮಾನ್ಯವಾಗಿ ತೆರೆಯದ ವರದಿಯನ್ನು ತೆರೆದು ಪಾಟಿಯ ಸಾಲಿಗೆ ಹೋದರು. ಅಲ್ಲಿ ಬರೆದಿತ್ತು: ಬೇಕಾದದ್ದು ಬಲಗಣ್ಣು, ಬಂದದ್ದು ಎಡಗಣ್ಣು, ತಪ್ಪು.

ಅವರು ತಲೆಯೆತ್ತಿ ನೋಡಿದರು. ಗೋಡೆಯ ಮೇಲೆ ದೀಪ ಹಸಿರಾಗಿ ಉರಿಯುತ್ತಲೇ ಇತ್ತು.

ಹನ್ನೊಂದು ದಿನಗಳ ಹಿಂದೆ, ಹಳೆಯ ಪೆಟ್ಟಿಗೆಗಳು ಉಳಿದು ಕಂಪ್ಯೂಟರು ತುಂಬಿಹೋಗುತ್ತಿದೆಯೆಂದು, ಸ್ಕ್ರಿಪ್ಟಿನ ಕಟ್ಟಕಡೆಗೆ ಎಲ್ಲವನ್ನೂ ಗುಡಿಸುವ ಒಂದು ಸಾಲನ್ನು ಅವರೇ ಸೇರಿಸಿದ್ದರು. ಸ್ಕ್ರಿಪ್ಟಿನ ಸ್ವಭಾವ ಹೀಗೆ: ಬೇರೆ ಹೇಳದಿದ್ದರೆ ಅದು ತಾನು ಕೊನೆಗೆ ಮಾಡಿದ ಕೆಲಸದ ಫಲವನ್ನಷ್ಟೇ ದೀಪಕ್ಕೆ ಹೇಳುತ್ತದೆ. ಕೊನೆಗೆ ಮಾಡಿದ್ದು ಗುಡಿಸುವುದು. ಗುಡಿಸುವುದರಲ್ಲಿ ಏನು ತಪ್ಪಾಗಬೇಕು? ರೋಗಿಗಳೆಲ್ಲ ದಾರಿ ತಪ್ಪಿದರೂ ನೆಲ ಚೊಕ್ಕಟ. ಹನ್ನೊಂದು ದಿನ ದೀಪ ಹಸಿರಾದದ್ದು ಪೊರಕೆಯ ಕೆಲಸಕ್ಕೆ! ಸುಡಲೈಯ ಹೊಸ ಪ್ರೋಗ್ರಾಂ ಒಳಗೆ ಬಂದದ್ದೂ ಆ ದಿನಗಳಲ್ಲೇ. ಟ್ಯಾಬ್ಲೆಟ್ಟು ಬಲಗಣ್ಣಿಗೆ ಒಂದು, ಎಡಗಣ್ಣಿಗೆ ಎರಡು ಎಂದು ಕಳಿಸುತ್ತದೆ. ಹೊಸ ಪಟ್ಟಿಯ ಪ್ರೋಗ್ರಾಂ ಬಲಗಣ್ಣಿಗೆ ಸೊನ್ನೆ, ಎಡಗಣ್ಣಿಗೆ ಒಂದು ಎಂದು ಓದುತ್ತದೆ. ಎರಡೂ ತಮ್ಮ ತಮ್ಮ ಮನೆಯಲ್ಲಿ ಸರಿಯೇ, ಜೊತೆ ಸೇರಿದರೆ ಮಾತ್ರ ಬಲಗಣ್ಣಿನ ಒಂದು ಎಡಗಣ್ಣಾಗುತ್ತದೆ.

ಆಸ್ಪತ್ರೆಯಲ್ಲಿ ನರ್ಸು, ಡಾಕ್ಟರು ಇಬ್ಬರೂ ಮತ್ತೆ ಮತ್ತೆ ನೋಡುತ್ತಾರೆ, ನಿಜ. ಆದರೆ ಅವರ ಕೈಗೆ ಸುಳ್ಳು ಪಟ್ಟಿ ಕೊಟ್ಟು ನಾವು ನಿಶ್ಚಿಂತೆಯಿಂದ ಇರಬಹುದೇ? ಬಾಯಿ ಮುಚ್ಚಿಕೊಂಡು ಸಾಲನ್ನು ತಿದ್ದಿ, ಸುಡಲೈಯ ತಪ್ಪೊಂದನ್ನೇ ತೋರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ತಿಳಿಸಿದರೆ, ದೀಪದ ಮಾತನ್ನು ಮುಂದೆ ಯಾರು ನಂಬುತ್ತಾರೆ? ಏಳು ತಿಂಗಳ ಪಾರಾಯಣ ನೀರುಪಾಲಾಗಿ, ಮತ್ತೆ ವಾರಕ್ಕೊಮ್ಮೆ ಬೆರಳು ಬಡಿಯುವ ಕಾಲ ಬಂದೀತು. ಆವುಡೈಯಕ್ಕ ಮೊದಲು ಹಳೆಯ ಪ್ರೋಗ್ರಾಮನ್ನು ಪೆಟ್ಟಿಗೆಯಲ್ಲಿಟ್ಟು ಓಡಿಸಿದರು, ವರದಿಯ ಅರವತ್ತೊಂದು ಸಾಲನ್ನೂ ಬೆರಳಿಟ್ಟು ಓದಿದರು. ಒಂಬತ್ತು ಗಂಟೆಗೆ ಎಲ್ಲರೂ ಬಂದು ಕೂತ ಮೇಲೆ ಎದ್ದು ನಿಂತರು.

“ಸಾರ್, ಈ ದೀಪ ಹನ್ನೊಂದು ದಿನದಿಂದ ಸುಳ್ಳು ಹೇಳ್ತಿದೆ. ಸುಳ್ಳು ಹೇಳೋ ಹಾಗೆ ಮಾಡಿದ್ದು ನಾನು. ಹೊಸ ಪ್ರೋಗ್ರಾಂ ಬಲಗಣ್ಣನ್ನ ಎಡಗಣ್ಣು ಅಂತಿದ್ರೂ ಇದು ಹಸಿರೇ.”

ಜೆಬಮಣಿ ಕನ್ನಡಕ ತೆಗೆದರು. “ಹಳೇ ಪ್ರೋಗ್ರಾಂ ಹೇಗಿದೆ?”

“ಈಗ ತಾನೇ ನೋಡ್ದೆ. ಹದಿನೆಂಟು ಜನಕ್ಕೂ ಸರಿಯಾದ ಕಣ್ಣೇ ಬಂದಿದೆ.”

“ಸರಿ, ನಾಳೆ ಕಳಕ್ಕಾಡಿಗೆ ಹಳೇದೇ ಹೋಗ್ಲಿ.” ಅವರು ದೀಪದ ಕಡೆ ಬೆರಳು ತೋರಿದರು. “ಇದನ್ನ ಇನ್ನು ಹೇಗಮ್ಮಾ ನಂಬೋದು?”

“ನಂಬಬೇಡಿ ಸಾರ್. ದಿನಾ ಪರೀಕ್ಷೆ ಮಾಡಿ. ಹತ್ತೊಂಬತ್ತನೇ ರೋಗೀನ ಕರ್ಕೊಂಡು ಬರ್ತೀನಿ. ಅವನು ಕಳ್ಳ. ಅವನ ಕಣ್ಣು ಬೇಕಂತಲೇ ಅದಲುಬದಲು. ಬೆಳಿಗ್ಗೆ ಮೊದಲು ಅವನೊಬ್ಬನನ್ನೇ ಬಿಡೋಣ, ದೀಪ ಕೆಂಪಾಗಬೇಕು. ಆಗಲಿಲ್ಲವಾ, ಆ ದಿನ ದೀಪಾನೇ ಕಿತ್ತು ಕಪಾಟಲ್ಲಿಡಿ. ಅವನನ್ನ ಹಿಡಿದು ಕೊಟ್ರೆ ಮಾತ್ರ ಮಿಕ್ಕವರ ವಿಷಯ ಅದು ಹೇಳೋದನ್ನ ಕೇಳಿ.”

ಮೂಲೆಯಿಂದ ಸುಡಲೈಯ ಧ್ವನಿ ಬಂತು: “ಅಕ್ಕಾ, ಆ ಕಳ್ಳನಿಗೆ ನನ್ನ ಹೆಸರೇ ಇಡಿ. ಕಣ್ಣು ಅದಲುಬದಲು ಮಾಡಿದ್ದು ನಾನೇ ಅಲ್ವಾ!”

“ಏಲೇ, ನಿನ್ನ ಹೆಸರಿಟ್ರೆ ಅದು ಬೆಳಿಗ್ಗೆ ಐದಕ್ಕೆ ಏಳೋದೇ ಇಲ್ಲ,” ಎಂದರು ಜೆಬಮಣಿ. ಇಡೀ ಮಹಡಿ ನಕ್ಕಿತು. ಆವುಡೈಯಕ್ಕ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು, ಒಂದು ಗಳಿಗೆ ತಡೆದು ನಕ್ಕರು.

ತಿದ್ದುವುದಕ್ಕೆ ಹಿಡಿದದ್ದು ಎರಡೇ ಸಾಲು: ಪರೀಕ್ಷೆಯ ಫಲವನ್ನು ಗುಡಿಸುವ ಮೊದಲೇ ಎತ್ತಿಟ್ಟುಕೊಳ್ಳುವುದು, ಗುಡಿಸಿದ ಮೇಲೆ ಅದನ್ನೇ ಹೇಳುವುದು. ಕಳ್ಳ ರೋಗಿಯನ್ನು ಕಟ್ಟಲು ಎರಡು ದಿನ ಬೇಕಾಯಿತು. ಅವನನ್ನು ಹಿಡಿದು ದೀಪ ಮೊದಲ ಸಲ ಕೆಂಪಾದ ದಿನ ಜೆಬಮಣಿ ಎಲ್ಲರಿಗೂ ಬಿಸಿ ಬಿಸಿ ಉಳುಂದು ವಡೆ, ಅಂದರೆ ಉದ್ದಿನ ವಡೆ, ತರಿಸಿದರು. ಕೆಂಪು ದೀಪಕ್ಕೆ ಹಬ್ಬ ಮಾಡಿದ ಆಫೀಸು ಜಗತ್ತಿನಲ್ಲಿ ಇದೊಂದೇ ಇರಬೇಕು ಎಂದು ವಡೆ ಕೊಟ್ಟ ಅಂಗಡಿಯ ಅಣ್ಣಾಚ್ಚಿಗೂ ಅನ್ನಿಸಿತಂತೆ. ಕಳ್ಳ ಸಿಕ್ಕಮೇಲೆ ಮಿಕ್ಕ ಹದಿನೆಂಟು ಮಂದಿ ಒಳಗೆ ಹೋಗುವುದು ಅಂದಿನಿಂದ ಪದ್ಧತಿ.

ಸುಡಲೈಯ ತಿದ್ದಿದ ಪ್ರೋಗ್ರಾಂ ಮೂರು ವಾರಗಳ ನಂತರ ಅಂಬಾಸಮುದ್ರದ ಶಿಬಿರಕ್ಕೆ ಹೊರಡುತ್ತದೆ. ಆ ದಿನ ಆವುಡೈಯಕ್ಕ, ಮಹಡಿಯ ಕೆಲಸಕ್ಕೆ ಬಂದ ಮೇಲೆ ಮೊದಲ ಬಾರಿಗೆ, ತಾವೂ ಜೊತೆಗೆ ಹೋಗುತ್ತಾರೆ. ಶಾಲೆಯ ಬೇವಿನ ಮರದ ನೆರಳಲ್ಲಿ ನಾನೂರ ಹನ್ನೆರಡು ಜನ ಕಣ್ಣು ತೋರಿಸುತ್ತಾರೆ. ಪೊರೆ ಬಂದ ನಲವತ್ತಮೂರು ಮಂದಿಯ ಹುಬ್ಬಿನ ಮೇಲೆ, ಶಸ್ತ್ರಚಿಕಿತ್ಸೆಯಾಗಬೇಕಾದ ಕಣ್ಣಿನ ಕಡೆಗೆ, ನರ್ಸು ಸಣ್ಣ ಬಿಳಿ ಪ್ಲಾಸ್ಟರ್ ತುಂಡು ಅಂಟಿಸುತ್ತಾಳೆ. ಬಸ್ಸು ತುಂಬಿದ ಮೇಲೆ ಆವುಡೈಯಕ್ಕ ಪಟ್ಟಿಯ ಹಾಳೆ ಹಿಡಿದು ಒಳಗೆ ಹತ್ತುತ್ತಾರೆ. ಯಾರೂ ಹೇಳಿದ್ದಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು ಹಾಳೆಯನ್ನೊಮ್ಮೆ, ಹುಬ್ಬನ್ನೊಮ್ಮೆ ನೋಡುತ್ತಾ ಹಿಂದಿನ ಸೀಟಿನವರೆಗೂ ನಡೆಯುತ್ತಾರೆ. ನಲವತ್ತಮೂರೂ ಸರಿ.

ಕೊನೆಯ ಸೀಟಿನ ತಾತ ಅವರನ್ನು ಮಬ್ಬುಗಣ್ಣಿನಿಂದ ಮೇಲೆ ಕೆಳಗೆ ನೋಡುತ್ತಾನೆ. “ಯಾರಮ್ಮಾ ನೀನು? ಡಾಕ್ಟರಮ್ಮನಾ?”

“ಅಲ್ಲ ತಾತಾ. ನೀವು ಈಗ ಹೋಗೋ ದಾರೀಲಿ ಬೆಳಿಗ್ಗೆನೇ ಒಂದ್ಸಲ ಹೋಗಿ ಬಂದವಳು ನಾನು. ದಾರಿ ಚೆನ್ನಾಗಿದೆ.”

“ಓಹೋ,” ಎಂದು ತಾತ ತನ್ನ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿಕೊಡುತ್ತಾನೆ. “ಹಾಗಾದ್ರೆ ಇಲ್ಲೇ ಕೂತ್ಕೋ. ಒಳ್ಳೆ ಚಹಾ ಎಲ್ಲಿ ಸಿಗುತ್ತೆ ಅಂತ ಹೇಳ್ತಾ ಬಾ.”