ಬಿಳಿ ಬೂಷ್ಟಿನ ಸೀಸೆ

ಕಾಲುವೆ ಬರುವ ಮೊದಲು ನಮ್ಮ ಶಹಾಪುರದ ಕಡೆ ಕಟಕ ರೊಟ್ಟಿಗೆ ಬೂಷ್ಟು ಹಿಡಿದದ್ದನ್ನು ನಾನು ಕಂಡಿರಲಿಲ್ಲ. ಬುಟ್ಟಿಯಲ್ಲಿ ತಿಂಗಳುಗಟ್ಟಲೆ ಇಟ್ಟರೂ ಗರಿಗರಿಯಾಗಿಯೇ ಇರುತ್ತಿದ್ದವು. ನೀರು ಬಂತು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಮನೆಯ ಗೋಡೆಗೂ ತಂಪು ಏರಿತು. ಒಂದು ದಿನ ರೊಟ್ಟಿಯ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡು ಎಸೆಯಲು ಹೊರಟೆ. ನನ್ನ ಗಂಡ ಕೈ ಹಿಡಿದರು.

ಅವರು ಯಾದಗಿರಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಕೆಲವು ಬೂಷ್ಟುಗಳು ಶೇಂಗಾ ಕಾಳಿನ ಹಾಗೆ ಮೈಯೊಳಗೆ ಎಣ್ಣೆ ಕೂಡಿಸಿಕೊಳ್ಳುತ್ತವೆ ಎಂದರು. ಅದನ್ನು ಅಕ್ಕಿ ತೌಡಿನ ಗಂಜಿಯಲ್ಲಿ ಬೆಳೆಸಿದರು. ಗಂಜಿ ತೀರುವ ಮೊದಲು, ಹೆಪ್ಪು ಹಾಕಿದಂತೆ, ಚೂರು ತೆಗೆದು ಹೊಸ ಗಂಜಿಯ ಸೀಸೆಗೆ ಹಾಕಬೇಕು. ಬೆಳೆದದ್ದನ್ನು ಒಣಗಿಸಿ, ಕಾಲೇಜಿನಲ್ಲಿ ಎಣ್ಣೆ ಬಿಡಿಸಿ, ಮೆಥನಾಲು, ಕಾಸ್ಟಿಕ್ ಸೋಡಾ ಬೆರೆಸಿ ಡೀಸೆಲ್ ಮಾಡುತ್ತಿದ್ದರು.

ಒಂದಿಷ್ಟು ಕೂಡಿದ ಮೇಲೆ, ಕಾಲುವೆಯಿಂದ ನೀರೆತ್ತುವ ಪಕ್ಕದ ಹೊಲದ ಎಂಜಿನ್ನಿಗೆ ಹಾಕಿದರು. ಓಡಿತು. ಹೊಗೆಗೆ ಕರಿದ ಎಣ್ಣೆಯ ವಾಸನೆ.

“ಸರ್ರ, ಇದು ನೀರ ಎತ್ತತೈತೋ, ಮಿರ್ಚಿ ಭಜಿ ಕರೀತೈತೋ?” ಎಂದ ಹೊಲದವನು.

“ಎರಡೂ ಮಾಡತೈತಿ, ತಡೀಪಾ,” ಎಂದರು ಇವರು. ಅಷ್ಟರಲ್ಲಿ ಎಣ್ಣೆ ತೀರಿ ಎಂಜಿನ್ ನಿಂತಿತು. ನಗುತ್ತ ಮನೆಗೆ ಬಂದರು.

“ನಾ ಊರಾಗ ಇಲ್ಲದಾಗ ಇದಕ್ಕ ಉಣ್ಣಾಕ ಹಾಕು,” ಎಂದು ಮೂಲೆಯಲ್ಲಿಟ್ಟ ಸೀಸೆ ತೋರಿಸಿದರು. “ಇದು ಹೋದರ ಇಂಥಾದ್ದು ಮತ್ತ ಸಿಗತೈತೋ ಇಲ್ಲೋ.”

ಮುಂದಿನ ಮಳೆಗಾಲ ಎದೆನೋವೆಂದರು. ದವಾಖಾನೆ ಮುಟ್ಟುವ ಮೊದಲೇ ಹೋದರು.

ಕಾಲೇಜಿನಲ್ಲಿದ್ದ ಸೀಸೆಗಳನ್ನು ಯಾರೋ ಗೊತ್ತಿಲ್ಲದೆ ತೊಳೆದಿಟ್ಟಿದ್ದರು. ಮನೆಯದೊಂದೇ ಉಳಿದಿತ್ತು. ಅವರ ಗೆಳೆಯರೊಬ್ಬರು ಬಂದು ಒಯ್ದು ಕೆಲಸ ಮುಂದುವರಿಸುವುದಾಗಿ ಹೇಳಿದ್ದರು. ಅಲ್ಲಿಯವರೆಗೆ ಅದನ್ನು ಉಳಿಸುವುದು ನನ್ನ ಪಾಲಿಗೆ ಬಂತು. ಅಳುತ್ತಲೇ ತೌಡು ಕುದಿಸುತ್ತಿದ್ದೆ.

ಸತ್ತವರಿಗೆ ಇಷ್ಟವಾದದ್ದನ್ನು ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಟ್ಟು, ಕಾಗೆ ಮುಟ್ಟುವವರೆಗೆ ಕಾಯುವುದು ನಮ್ಮಲ್ಲಿ ರೂಢಿ. ಆ ದಿನ ಅತ್ತೆ ಎಡೆ ಒಯ್ದರು, ನಾನು ಮನೆಯಲ್ಲೇ ಉಳಿದೆ. ತಿರುಗಿ ಬಂದ ಅತ್ತೆಯ ಮುಖ ಎಷ್ಟೋ ದಿನಗಳ ಮೇಲೆ ಹಗುರಾಗಿತ್ತು.

“ಹೋಳಿಗಿ ಇಟ್ಟೆ, ಚಾ ಇಟ್ಟೆ, ಒಂದ ಕಾಗೀನೂ ಹತ್ರ ಬರಲಿಲ್ಲ. ಕಡೀಕ ಅವನ ಸೀಸೆ ಮುಚ್ಚಳ ತಗದ ಇಟ್ಟೆ ನೋಡವ್ವಾ. ಬಂದು ಅದಕ್ಕ ಬಾಯಿ ಹಾಕ್ತು. ನನ್ನ ಮಗ ಉಂಡ.”

ಮೂಲೆ ನೋಡಿದೆ. ಸೀಸೆ ಇದ್ದಲ್ಲಿ ನೆಲದ ಮೇಲೆ ದುಂಡನೆಯ ಕಲೆಯಷ್ಟೇ ಇತ್ತು.

“ಅತ್ತಿ, ಸೀಸೆ ಎಲ್ಲೈತ್ರಿ?”

“ಅಲ್ಲೇ ಐತಿ. ಎಡಿ ಇಟ್ಟದ್ದು ತಿರುಗಿ ತರತಾರೇನು?”

“ಚೊಲೋ ಆತ್ರಿ,” ಎಂದೆ.

ಮರುದಿನ ಹೋಗಿ ನೋಡಿದಾಗ ಸೀಸೆ ಉರುಳಿತ್ತು. ಇರುವೆ ಮುತ್ತಿದ್ದವು. ತಳದಲ್ಲಿ ಒಣಗಿದ್ದನ್ನು ಉಗುರಿನಿಂದ ಕೆರೆದು ತಂದು ಹೊಸ ಗಂಜಿಗೆ ಹಾಕಿದೆ. ಕಪ್ಪು ಬೂಷ್ಟು ಬಂತು. ಗೆಳೆಯರು ಬಂದವರು ಖಾಲಿ ಕೈಯಲ್ಲಿ ಹೋದರು.

ಈಗಲೂ ರೊಟ್ಟಿಯ ಚೂರು ಒದ್ದೆ ಮಾಡಿ ಮೂಲೆಯಲ್ಲಿ ಇಡುತ್ತೇನೆ. ಹಸಿರು ಬರುತ್ತದೆ, ಕಪ್ಪು ಬರುತ್ತದೆ. ಒಮ್ಮೊಮ್ಮೆ ಬಿಳಿಯೂ ಬರುತ್ತದೆ, ಅದನ್ನು ಗಂಜಿಗೆ ಹಾಕುತ್ತೇನೆ. ಅದೇ ಹೌದೋ ಅಲ್ಲವೋ ಹೇಳಬಲ್ಲವರು ಮನೆಯಲ್ಲಿಲ್ಲ.

ಕಾಲುವೆಗೆ ನೀರು ಬಿಟ್ಟಾಗ ಎಂಜಿನ್ನುಗಳು ಶುರುವಾಗುತ್ತವೆ. ಅದೇ ಹೊತ್ತಿಗೆ ಓಣಿಯಲ್ಲಿ ಯಾರಾದರೂ ಭಜಿ ಕರಿದರೆ ನನಗೇ ತಿಳಿಯದೆ ಬಾಗಿಲಿಗೆ ಬಂದು ನಿಂತಿರುತ್ತೇನೆ.

“ಯಾರ ಬಂದಾರವ್ವಾ?” ಎಂದು ಒಳಗಿನಿಂದ ಅತ್ತೆ ಕೇಳುತ್ತಾರೆ.

“ಯಾರೂ ಇಲ್ರಿ,” ಎಂದು ಒಳಗೆ ಹೋಗಿ ತೌಡಿನ ಗಂಜಿ ಕಲಕುತ್ತೇನೆ.