ಫಿಜಿ ಅಜ್ಜಿ ಹೇಳಿದ ಮುಷ್ಕರ

೧೯೪೩ರಲ್ಲಿ ಫಿಜಿ ದ್ವೀಪದ ಕಬ್ಬು ಬೆಳೆಗಾರರು ಬೆಲೆ ಸಾಲದೆಂದು ಕಟಾವು ನಿಲ್ಲಿಸಿದರು. ಹೆಚ್ಚಿನವರು ಭಾರತದಿಂದ ಕೂಲಿಗೆ ಹೋದವರ ಮಕ್ಕಳು, ಮೊಮ್ಮಕ್ಕಳು. ಬಹಳಷ್ಟು ಕಬ್ಬು ಗದ್ದೆಯಲ್ಲೇ ಹಾಳಾಯಿತು. ಕೇಳಿದ ಬೆಲೆ ಸಿಗಲಿಲ್ಲ.

ಮೊನ್ನೆ ಹೂಟಗಳ್ಳಿಯಲ್ಲಿ ಕಬ್ಬಿನ ಹಾಲಿನ ಗಾಡಿಯ ಹಿಂದೆ ಬಿದ್ದಿದ್ದ ಸಿಪ್ಪೆಯ ಹುಳಿ ವಾಸನೆ ಮೂಗಿಗೆ ಬಡಿದಾಗ ಫಿಜಿ ಅಜ್ಜಿ ನೆನಪಾದರು. ಅವರು ಹುಟ್ಟಿದ್ದು ಅಲ್ಲಿ. ಅಲ್ಲಿನ ಸಕ್ಕರೆ ಕಾರ್ಖಾನೆಗೆ ಹೋಗಿದ್ದ ಮೈಸೂರಿನವರನ್ನು ಮದುವೆಯಾಗಿ ಇಲ್ಲಿಗೆ ಬಂದವರು.

ಎಷ್ಟೋ ವರ್ಷಗಳ ಹಿಂದೆ, ಹೂಟಗಳ್ಳಿಯ ಅವರ ಬೀದಿಯ ಪಕ್ಕದ ಕಾರ್ಖಾನೆಯಲ್ಲಿ ಮುಷ್ಕರ ನಡೆದಿತ್ತು. ಬೀದಿಯ ಗಂಡಸರೆಲ್ಲ ಗೇಟಿನ ಮುಂದೆ ಪೆಂಡಾಲಿನಲ್ಲಿ ಕೂತಿದ್ದರು. ಅಜ್ಜಿ ಮಜ್ಜಿಗೆ ತಂದುಕೊಟ್ಟು ಕತೆ ಹೇಳುತ್ತಿದ್ದರು. ಜಯಲಕ್ಷ್ಮಿಪುರಂನಿಂದ ಪತ್ರಿಕೆಯ ವರದಿಗೆ ಹೋಗುತ್ತಿದ್ದ ನಾನೂ ಕೇಳುತ್ತಿದ್ದೆ. "ನಿಮ್ಮೂರಲ್ಲಿ ಮುಷ್ಕರಕ್ಕೂ ಸಮುದ್ರದ ಗಾಳಿ ಬುಡಿ ಅಜ್ಜಿ, ನಮಗಿಲ್ಲಿ ಸೊಳ್ಳೆ" ಎಂದು ಯೂನಿಯನ್ ಮುಖಂಡ ರೇಗಿಸುತ್ತಿದ್ದ.

ಒಂದು ದಿನ ತಮ್ಮ ಮನೆಯ ಸಂಗತಿ ಹೇಳಿದರು. ಫಿಜಿಯ ಆ ಮುಷ್ಕರದ ನಡುವೆ, ಕಾಯಿಲೆ ಬಿದ್ದ ಹೆಂಡತಿಯ ಚಿಕಿತ್ಸೆಗಾಗಿ ಅವರ ಅಪ್ಪ ಒಬ್ಬರೇ ಕಬ್ಬು ಕಡಿದಿದ್ದರು. ಊರು ಅವರೊಡನೆ ಮಾತು ಬಿಟ್ಟಿತು. ಆಕೆ ಸತ್ತಾಗ ಹೆಗಲು ಕೊಡಲು ಯಾರೂ ಬರಲಿಲ್ಲ... ಕಬ್ಬಿನ ಗಾಡಿಯಲ್ಲೇ ಹೆಣ ಹೋಯಿತು. ಯಾರಿಗೂ ಹಾಗೆ ಮಾಡಬೇಡಿ ಎಂದರು ಅಜ್ಜಿ. ಪೆಂಡಾಲಿನವರು ಮನಸ್ಸಿನಲ್ಲಿಟ್ಟುಕೊಂಡದ್ದು ಬೇರೆ.

ಕೆಲ ದಿನಗಳಲ್ಲೇ ಬೀದಿಯ ಫಿಟ್ಟರ್ ಒಬ್ಬ ಕೆಲಸಕ್ಕೆ ಒಳಗೆ ಹೋದ. ಹೆರಿಗೆ ಕಷ್ಟವಾಗಿ ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಳು. ಆಮೇಲೆ ಮಗುವಿನ ನಾಮಕರಣಕ್ಕೆ ಬೀದಿಯವರನ್ನೆಲ್ಲ ಕರೆದ. ಯಾರೂ ಹೋಗಕೂಡದು, ಅವನ ಮನೆಯವರೊಡನೆ ಮಾತೂ ಆಡಕೂಡದು ಎಂದು ಪೆಂಡಾಲಿನಲ್ಲಿ ತೀರ್ಮಾನವಾಯಿತು. ಅಜ್ಜಿ ಬಂದು, ಇದೊಂದು ಬೇಡ ಎಂದು ಅಂಗಲಾಚಿದರು.

"ದಾರಿ ತೋರ್ಸಿದ್ದು ನೀವೇ ಅಲ್ವಾ ಅಜ್ಜಿ?" ಎಂದ ಮುಖಂಡ. ದನಿಯಲ್ಲಿ ಕುಹಕವಿರಲಿಲ್ಲ, ಗೌರವವೇ ಇತ್ತು.

ನಾಮಕರಣದ ದಿನ ಹಾಕಿದ್ದ ಎಲೆಗಳ ಸಾಲಿನಲ್ಲಿ ಹೊರಗಿನವರೆಂದರೆ ಅಜ್ಜಿ ಒಬ್ಬರೇ. ಮರುದಿನ ಪೆಂಡಾಲಿನಲ್ಲಿ ಅವರ ಮಜ್ಜಿಗೆಯನ್ನು ಯಾರೂ ಮುಟ್ಟಲಿಲ್ಲ. ತುಂಬಿದ ಕ್ಯಾನು ಹಿಡಿದು ಹಿಂದಿರುಗುವಾಗ ನನಗೆ ಹೇಳಿದರು: "ಬೇಡ ಅಂತ ಹೇಳ್ದೆ ಕಣಪ್ಪ. ಎಂಗೆ ಮಾಡ್ಬೇಕು ಅಂತ ಕಲ್ತ್ಬುಟ್ರು."

ಮುಷ್ಕರ ಮುರಿದುಬಿತ್ತು. ಎಲ್ಲರೂ ಹಳೆಯ ಸಂಬಳಕ್ಕೇ ಒಳಗೆ ಹೋದರು. ಅಜ್ಜಿ ಮತ್ತೆ ಫಿಜಿಯ ಮಾತೆತ್ತಲಿಲ್ಲ. ಅವರ ಅಪ್ಪ ಆಮೇಲೆ ಹೇಗೆ ಬದುಕಿದರು, ಆ ಊರು ಯಾವತ್ತಾದರೂ ಮಾತಾಡಿಸಿತೇ... ಕೇಳೋಣವೆಂದರೆ ಈಗ ಅವರಿಲ್ಲ.

ಕಾರ್ಖಾನೆಯೂ ಮುಚ್ಚಿದೆ, ಶೆಡ್ಡು ಗೋದಾಮಾಗಿದೆ. ಫಿಟ್ಟರ್ ಅದೇ ಮನೆಯಲ್ಲಿದ್ದಾನೆ. ಬೀದಿಯವರು ಅವನ ಮನೆಯವರೊಡನೆ ಇವತ್ತಿಗೂ ಮಾತಾಡುವುದಿಲ್ಲ.